ಡಾಕ್ಟರು ಹೇಳದ ಮಾತು

ನೀಲಮ್ಮಾ, ಅಪ್ಪನಿಗೆ ಬೇಕಾದ್ದು ತಿನ್ನಿಸಿ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಆ ಮಾತು ನನ್ನದು. ನಾನು ಕಟ್ಟಿ ಹೇಳಿದ್ದು.

ಇಷ್ಟು ವರ್ಷ ಈ ಮಾತನ್ನು ಉಗುಳಲಾರದೆ, ನುಂಗಲಾರದೆ ಬದುಕಿದೆ ಎಂದು ಬರೆಯಹೊರಟೆ — ಬರೆದು ಹೊಡೆದುಹಾಕಿದೆ. ಅದೂ ಸುಳ್ಳು. ನಾನು ಚೆನ್ನಾಗಿಯೇ ನುಂಗಿದ್ದೆ. ಹೊತ್ತಿಗೆ ಸರಿಯಾಗಿ ಲಿಂಗಪೂಜೆ ಮಾಡಿಕೊಂಡೆ, ಉಂಡೆ, ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದೆ, ಸೇವೆಯಿಂದ ನಿವೃತ್ತನಾಗಿ ಹಾರ ಹಾಕಿಸಿಕೊಂಡೆ. ನಿದ್ದೆ ಕೆಟ್ಟ ನೆನಪು ಒಂದೂ ಇಲ್ಲ.

ಅಪ್ಪನಿಗೆ ಮರೆವು ಹೆಚ್ಚಾದಾಗ ಗುಲ್ಬರ್ಗಾಕ್ಕೆ ಕರೆದುಕೊಂಡು ಹೋಗು ಎಂದು ಹಟ ಹಿಡಿದವಳು ನೀನು. ಗಂಡನ ಮನೆ ಹಿರೋಳ್ಳಿಯಿಂದ ಕೈಗೂಸನ್ನು ಎತ್ತಿಕೊಂಡು ಅತನೂರಿನ ನಮ್ಮ ಮನೆಗೆ ಬಂದು, ನಾನು ಹೂಂ ಅನ್ನುವ ತನಕ ಕದಲಲಿಲ್ಲ. ಅಪ್ಪ ಪೋಸ್ಟ್‌ಮನ್ ಕೆಲಸ ಬಿಟ್ಟು ಆಗ ಮೂರು ವರ್ಷವಾಗಿತ್ತು. ಹನ್ನೊಂದು ಹಳ್ಳಿಗೆ ಟಪಾಲು ಹಂಚಿದ ಮನುಷ್ಯ. ಯಾವ ಓಣಿಯಲ್ಲಿ ಯಾರ ಮನೆ, ಆ ಮನೆಯ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಮಗ ಸೊಲ್ಲಾಪುರದ ಯಾವ ಗಿರಣಿಯಲ್ಲಿದ್ದಾನೆ, ಎಲ್ಲ ಬಾಯಲ್ಲೇ. ಓದು ಬರದ ಹೆಂಗಸರಿಗೆ ಕಾಗದ ಓದಿ ಹೇಳುತ್ತಿದ್ದ, ಅವರು ಹೇಳಿದಂತೆ ಉತ್ತರ ಬರೆದು ಕೊಡುತ್ತಿದ್ದ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದವನಲ್ಲ. ಅಂಥವನು ಅಂಗಿಯನ್ನು ತಿರುವುಮುರುವು ಹಾಕಿಕೊಂಡು ಬಾಗಿಲಲ್ಲಿ ನಿಲ್ಲತೊಡಗಿದ್ದ. ನಿನ್ನನ್ನು ಒಮ್ಮೊಮ್ಮೆ ಸತ್ತ ಅವ್ವನ ಹೆಸರಿನಿಂದ ಕರೆಯುತ್ತಿದ್ದ.

ಮೂರ್ಛೆ ರೋಗ ಅಪ್ಪನಿಗೆ ಹುಡುಗನಾಗಿದ್ದಾಗಿನಿಂದ ಇತ್ತೆನ್ನುವುದು ನಿನಗೆ ಗೊತ್ತು. ಊರಿಗೆ ನಾವು ಪಿತ್ತ ಎಂದು ಹೇಳುತ್ತಿದ್ದೆವು. ಅಫಜಲಪುರದ ಅಂಗಡಿಯಿಂದ ತಂದ ಸಣ್ಣ ಬಿಳಿ ಗುಳಿಗೆಯನ್ನು ಆತ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಫಿಟ್ಸ್ ಬರುವ ಮನುಷ್ಯನಿಗೆ ಸೈಕಲ್ ಬೇಡವೆಂದು ತಾನಾಗಿಯೇ ಬಿಟ್ಟು, ಬಿಸಿಲಾಗಲಿ ಮಳೆಯಾಗಲಿ ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದ. ಆತನನ್ನು ಅಷ್ಟು ವರ್ಷ ನೆಟ್ಟಗೆ ಇಟ್ಟದ್ದು ಆ ನಡಿಗೆ ಎಂದು ನನಗೆ ತಿಳಿದದ್ದು ಗುಲ್ಬರ್ಗಾದಲ್ಲಿ.

ಡಾಕ್ಟರು ವಯಸ್ಸಾದವರು, ಗಡಿಬಿಡಿ ಇಲ್ಲದವರು. ಅಪ್ಪನ ಉಚ್ಚೆಯನ್ನು ಗಾಜಿನ ನಳಿಕೆಯ ನೀಲಿ ನೀರಿಗೆ ಹನಿಸಿ ದೀಪದ ಮೇಲೆ ಕಾಸಿದರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಿಗೆ ನಿಂತಿತು. ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬನನ್ನು ಒಳಗೆ ಕರೆದರು.

“ಮಾಸ್ತರ, ಇದು ಬರೇ ವಯಸ್ಸಿನ ಮರವು ಅಲ್ಲ,” ಅಂದರು.

ನಡಿಗೆ ನಿಂತ ಮೇಲೆ ಮೈ ಬಂದಿದೆ, ಸಕ್ಕರೆ ಏರಿದೆ, ರಕ್ತದ ಒತ್ತಡವೂ ಏರಿದೆ ಎಂದು ವಿವರಿಸಿದರು. ಐವತ್ತು ವರ್ಷ ಮೂರ್ಛೆ ತಾಳಿಕೊಂಡು ಬಂದ ಮಿದುಳು, ಅದರ ಮೇಲೆ ಇವೆರಡರ ಹೊಡೆತವನ್ನು ತಾಳದು. ಕಣ್ಣು ನೆಟ್ಟು ತುಟಿ ಚಪ್ಪರಿಸುತ್ತ ಕೂರುತ್ತಾರಲ್ಲ, ಅದು ಮರೆವಲ್ಲ, ಸಣ್ಣ ಫಿಟ್ಸು; ಸಕ್ಕರೆ ಏರಿಳಿದಂತೆ ಅದೂ ಹೆಚ್ಚುತ್ತದೆ. ಹಳೆಯ ಗುಳಿಗೆಯೂ ಬುದ್ಧಿಗೆ ಮಂಕು ತರುವಂಥದ್ದು. ಅದನ್ನು ಒಮ್ಮೆಲೇ ಬಿಡಿಸಬಾರದು, ಮೆಲ್ಲಗೆ ಇಳಿಸಿ ಬೇರೆಯದನ್ನು ಹಿಡಿಸಬೇಕು, ಅದಕ್ಕಾಗಿ ತಿಂಗಳಿಗೊಮ್ಮೆ ಕರೆದುಕೊಂಡು ಬರಬೇಕು. ಸಿಹಿಯನ್ನು ಪೂರ್ತಿ ನಿಲ್ಲಿಸಬೇಕು, ಹೊತ್ತಿಗೆ ಸರಿಯಾಗಿ ಜೋಳದ ರೊಟ್ಟಿ, ಕಾಯಿಪಲ್ಯೆ. ದಿನಾ ಯಾರಾದರೂ ಜೊತೆಗೆ ಹೋಗಿ ನಡೆಸಬೇಕು. ಹೋದದ್ದೆಲ್ಲ ವಾಪಸು ಬರುತ್ತದೆ ಎಂದು ಅವರು ಹೇಳಲಿಲ್ಲ. ಆದರೆ ಹಿಡಿದು ನಿಲ್ಲಿಸಬಹುದು, ಸ್ವಲ್ಪ ಹಿಂದಕ್ಕೂ ತರಬಹುದು ಅಂದರು. ಎಲ್ಲವನ್ನೂ ಚೀಟಿಯ ಮೇಲೆ ಬರೆದುಕೊಟ್ಟರು.

ಆ ಚೀಟಿಯನ್ನು ನಾನು ಬಸ್ಸಿನಲ್ಲೇ ಹರಿದೆ. ಪಕ್ಕದಲ್ಲಿ ಅಪ್ಪ ನನ್ನ ಹೆಗಲಿಗೆ ತಲೆ ಆನಿಸಿ ಮಲಗಿದ್ದ.

ಯಾಕೆ ಹರಿದೆ? ನಿನಗೆ ಥಟ್ಟನೆ ಹೊಳೆಯುವ ಉತ್ತರ ಒಂದಿದೆ — ಆ ತಿಂಗಳು ನನ್ನ ಮಗಳು ಕಸ್ತೂರಿಯನ್ನು ನೋಡಲು ಆಳಂದದವರು ಬರುವವರಿದ್ದರು. ಹೆಣ್ಣಿನ ಅಜ್ಜನಿಗೆ ಮೂರ್ಛೆ ಎಂದು ತಿಳಿದರೆ ಸಂಬಂಧ ಮುರಿಯುತ್ತಿತ್ತು. ಅಪ್ಪ ದಿನಾ ಊರೊಳಗೆ ನಡೆದರೆ ಒಂದಲ್ಲ ಒಂದು ದಿನ ಬೀಳುವುದು ಖಂಡಿತ, ನಾಲ್ಕು ಜನ ನೋಡುವುದೂ ಖಂಡಿತ. ಮನೆಯೊಳಗೆ ತಿಂದು ಮಲಗಿದ್ದರೆ — ಹೌದು, ಇದನ್ನು ಲೆಕ್ಕ ಹಾಕಿದ್ದು ನಿಜ. ಆದರೆ ಇದರ ಹಿಂದೆ ಅಡಗಿ ಕೂರಲು ನನಗೆ ಹಕ್ಕಿಲ್ಲ. ಕಸ್ತೂರಿಯ ಮದುವೆ ಆ ಬೇಸಿಗೆಯಲ್ಲೇ ಮುಗಿಯಿತು. ಆಮೇಲೂ ನಾನು ತಿನ್ನಿಸುತ್ತಲೇ ಹೋದೆ.

ಬಸ್ಸಿಳಿದು ಬಂದಾಗ ನೀನು ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದೆ. “ಅಣ್ಣಾ, ಡಾಕ್ಟರ್ ಏನಂದ್ರು?” ಎಂದು ಕೇಳಿದೆ.

“ವಯಸ್ಸಾಗ್ಯದಂತ, ನೀಲಮ್ಮ. ಇದಕ್ಕ ಔಷಧ ಇಲ್ಲಂತ. ಇದ್ದಷ್ಟು ದಿನ ಬಾಯಿಗಿ ಬೇಕಾದ್ದು ತಿನ್ನಸ್ರಿ ಅಂದ್ರು.”

ನಾಲಿಗೆ ತೊದಲಲಿಲ್ಲ. ನೀನು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಆವತ್ತೇ ಅಪ್ಪನಿಗೆ ಸಕ್ಕರೆ ಹಾಕಿ ಶಿರಾ ಮಾಡಿದೆ. ಮಹಾದೇವಿಗೂ ನಾನು ಅದೇ ಸುಳ್ಳು ಹೇಳಿದೆ. ಹೆಂಡತಿಯಾದ ಅವಳಿಗೂ ಇವತ್ತಿನ ತನಕ ನಿಜ ಗೊತ್ತಿಲ್ಲ.

ಅಲ್ಲಿಂದ ಮನೆಯಲ್ಲಿ ಶೇಂಗಾ ಹೋಳಿಗೆ ತಪ್ಪಲಿಲ್ಲ. ಬೆಳಿಗ್ಗೆ ಸಕ್ಕರೆ ಸುರಿದ ಚಹಾ, ಹತ್ತು ಗಂಟೆಗೆ ಬೆಲ್ಲ ಕಲಸಿದ ಮಾದಲಿ, ಸಂಜೆ ಪೇಡೆ. ಶಾಲೆಗೆ ಹೋಗುವ ಮುಂಚೆ ಕಟ್ಟೆಯ ಮೇಲೆ, ಹೋಗಿ ಬರುವವರು ನೋಡುವಂತೆ, ನನ್ನ ಕೈಯಾರೆ ತಿನ್ನಿಸುತ್ತಿದ್ದೆ. ನೀನು ಹಿರೋಳ್ಳಿಯಿಂದ ಬಂದಾಗೊಮ್ಮೆ ಗಡಿಯಾಚೆ ಸೊಲ್ಲಾಪುರದ ಕಡೆಯ ಪೇಡೆಯ ಡಬ್ಬಿ ತರುತ್ತಿದ್ದೆ. ಬೆಲ್ಲಕ್ಕಾಗಿ ಅಪ್ಪ ಕೈ ಚಾಚುವುದನ್ನು ನೋಡಿ ಊರು ಕರಗಿತು. ಮಗ ಅಂದರೆ ಹೀಗಿರಬೇಕು ಎಂದಿತು. ತಿಂದ ಮೇಲೆ ಆತ ಮಲಗುತ್ತಿದ್ದ, ಎದ್ದರೆ ಮತ್ತೆ ತಿನ್ನುತ್ತಿದ್ದ. ಮುಖ ಊದಿತು, ಹೊಟ್ಟೆ ಇಳಿಬಿತ್ತು, ಹೆಜ್ಜೆ ಎಳೆದು ಎಳೆದು ಇಡತೊಡಗಿದ. ಡಾಕ್ಟರು ಒಂದೊಂದಾಗಿ ಹೇಳಿದ್ದು ನನ್ನ ಕಣ್ಣೆದುರು ಒಂದೊಂದಾಗಿ ಆಗುತ್ತಿತ್ತು.

ಒಮ್ಮೆ ನಮ್ಮ ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದೆ ಕರೆದು, ಹಿರಿಯರ ಸೇವೆಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂದರು. ನಾನು ಹೇಳಿದೆ. ನಾಲ್ಕಲ್ಲ, ಕಾಲು ಗಂಟೆ ಹೇಳಿದೆ. ಗಂಟಲು ಕಟ್ಟಿದಂತೆ ಮಾಡಿ ನಡುವೆ ಒಮ್ಮೆ ನಿಲ್ಲಿಸಿದ್ದೆ ಕೂಡ... ಇದನ್ನು ಬರೆಯುವಾಗ ಪೆನ್ನು ಹಿಡಿದ ಬೆರಳಿನ ಮೇಲೂ ಅಸಹ್ಯವಾಗುತ್ತದೆ.

ಆದರೆ ಇದು ಕೂಡ ನನ್ನ ಪಾಪದ ಅರ್ಧ ಮಾತ್ರ, ನೀಲಮ್ಮ. ಇಲ್ಲಿಯ ತನಕದ್ದನ್ನು ಅಂಜಿಕೆ ಎನ್ನಬಹುದು, ಮರ್ಯಾದೆಯ ಆಸೆ ಎನ್ನಬಹುದು. ಮುಂದಿನದಕ್ಕೆ ಹೆಸರಿಲ್ಲ.

ಮರುವರ್ಷದ ಬೇಸಿಗೆಯಲ್ಲಿ, ಬೀಗರು ಬಂದು ಅಪ್ಪ ಬೀಳುವುದನ್ನು ನೋಡಿಯಾರೆಂದು ನಾನು ಕಸ್ತೂರಿಯನ್ನು ತವರಿಗೆ ಕರೆಸಲಿಲ್ಲ; ಮೊದಲ ಹೆರಿಗೆಗೆ ಮಹಾದೇವಿಯೇ ಆಳಂದಕ್ಕೆ ಹೋದಳು. ನನಗೂ ಅದೇ ಬೇಸಿಗೆಯಲ್ಲಿ ನಲವತ್ತು ದಿನದ ತರಬೇತಿ ಬಂತು. ನಿನ್ನ ಅತ್ತೆ ಹಾಸಿಗೆ ಹಿಡಿದಿದ್ದರಿಂದ ಅಪ್ಪನನ್ನು ಹಿರೋಳ್ಳಿಗೆ ಕಳಿಸುವಂತಿರಲಿಲ್ಲ. ಆಗ ಯಡ್ರಾಮಿಯಿಂದ ಮೈಬೂಬ ಸಾಬರು ಬಂದು ಅಪ್ಪನನ್ನು ಕರೆದೊಯ್ದರು. ಅಪ್ಪ, ಅವರು ಇಬ್ಬರೂ ಅಫಜಲಪುರದ ಟಪಾಲು ಕಚೇರಿಯಲ್ಲಿ ಜೊತೆಗೆ ದುಡಿದವರು. ಅಪ್ಪ ಬಿದ್ದ ದಿನ ಆತನ ಚೀಲವನ್ನೂ ತಾವೇ ಹೊತ್ತು ಹಂಚಿ, ಮೇಲಿನವರಿಗೆ ತಿಳಿಯದಂತೆ ಎಷ್ಟೋ ವರ್ಷ ನಡೆಸಿದ ಪುಣ್ಯಾತ್ಮ ಅವರು. ಅವರಿಗೂ ಸಕ್ಕರೆ ಕಾಯಿಲೆಯಿತ್ತು. ಅವರ ಮನೆಯಲ್ಲಿ ಇದ್ದದ್ದು ರೊಟ್ಟಿ, ಮೆಂತ್ಯೆ ಪಲ್ಯೆ, ಸಕ್ಕರೆ ಇಲ್ಲದ ಚಹಾ. ಬೆಳಿಗ್ಗೆ ತಾವು ನಡೆಯಲು ಹೋಗುವಾಗ ಅಪ್ಪನ ಕೈ ಹಿಡಿದುಕೊಂಡೇ ಹೋಗುತ್ತಿದ್ದರಂತೆ. ತಮ್ಮ ಡಾಕ್ಟರಿಗೆ ತೋರಿಸಿ, ತಾವು ನುಂಗುವ ಸಕ್ಕರೆಯ ಗುಳಿಗೆಯನ್ನು ಅಪ್ಪನಿಗೂ ಬರೆಸಿದ್ದರು. ದಾರಿಯಲ್ಲಿ ಅಪ್ಪ ಎರಡು ಸಲ ಬಿದ್ದ. ಎರಡು ಸಲವೂ ಪಕ್ಕಕ್ಕೆ ಹೊರಳಿಸಿ, ಮೈ ಸಡಿಲಾಗುವ ತನಕ ಅಲ್ಲೇ ಕೂತಿದ್ದು, ಮುಖ ಒರೆಸಿ ಎಬ್ಬಿಸಿಕೊಂಡು ಬಂದರು. ಯಾರು ನೋಡಿದರು, ಯಾರು ಬಿಟ್ಟರು ಎಂಬುದು ಅವರಿಗೆ ಬೇಕಾಗಿರಲಿಲ್ಲ.

ನಲವತ್ತು ದಿನ ಕಳೆದು ನಾನು ಯಡ್ರಾಮಿಗೆ ಹೋದಾಗ ಅಪ್ಪ ಅಂಗಳದಲ್ಲಿ ನಿಂತಿದ್ದ. ಮೈ ಇಳಿದಿತ್ತು. ನನ್ನನ್ನು ಕಂಡವನೇ, “ಬಸು, ಕಸ್ತೂರಿ ಹಡದಳೇನು?” ಎಂದು ಕೇಳಿದ.

ಹೆಸರು ತಪ್ಪಿರಲಿಲ್ಲ. ಸಂಗತಿಯೂ ತಪ್ಪಿರಲಿಲ್ಲ.

ಮೈಬೂಬ ಸಾಬರು ನನ್ನನ್ನು ಬದಿಗೆ ಕರೆದು, “ಮಾಸ್ತರ್, ನಿಮ್ಮಪ್ಪ ಇನ್ನಾ ಪೂರಾ ಹೋಗಿಲ್ರಿ. ಒಳಗ ಇದ್ದಾನ. ಸಿಹಿ ಮುಟ್ಟಿಸಬ್ಯಾಡ್ರಿ, ದಿನಾ ನಡಿಸ್ರಿ,” ಅಂದರು. ಡಾಕ್ಟರು ಹೇಳಿದ್ದೇ ಮಾತು. ನಾನು ತಲೆಯಾಡಿಸಿದೆ. ಅವರು ಗುಳಿಗೆಯ ಪೊಟ್ಟಣವನ್ನು ನನ್ನ ಚೀಲದಲ್ಲಿಟ್ಟರು.

ನಾನು ಸಂತೋಷಪಡಬೇಕಿತ್ತಲ್ಲವೇ? ಮೊದಲ ಎರಡು ಮೂರು ದಿನ ಪಟ್ಟೆ ಕೂಡ. ಸಿಹಿ ಕೊಡಲಿಲ್ಲ, ಗುಳಿಗೆ ಕೊಟ್ಟೆ. ನಾಲ್ಕನೆಯ ದಿನ ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು. ಅಪ್ಪ ಹಳೆಯ ಸಂಗತಿಗಳನ್ನು ಒಂದೊಂದಾಗಿ ಹೇಳುತ್ತಿದ್ದ — ಯಾವ ಹಳ್ಳಿಯಲ್ಲಿ ಯಾರು ಮಜ್ಜಿಗೆ ಕೊಡುತ್ತಿದ್ದರು, ಯಾವ ಹಳ್ಳದಲ್ಲಿ ಚೀಲ ತೋಯ್ದಿತ್ತು. ಆಮೇಲೆ ನನ್ನ ಕಡೆ ನೋಡದೆ ಅಂದ:

“ಬಸು, ಅಫಜಲಪುರದ ಬಸ್‌ಸ್ಟ್ಯಾಂಡಿನಾಗ ನಾ ಬಿದ್ದಾಗ ನೀ ಅಲ್ಲೇ ನಿಂತಿದ್ದಿ. ನಾ ಕಣ್ ತೆರದಾಗ ಮೊದಲ ನಿನ್ನೇ ನೋಡೀನಿ.”

ಇದು ನಿನಗೆ ಗೊತ್ತಿಲ್ಲ, ನೀಲಮ್ಮ. ಯಾರಿಗೂ ಗೊತ್ತಿಲ್ಲ. ನಾನು ಅಫಜಲಪುರದ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ಗೆಳೆಯರೊಂದಿಗೆ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಿದ್ದೆ. ಬಸ್ಸಿಗೆ ಟಪಾಲಿನ ಚೀಲ ಹಾಕಲು ಬಂದ ಅಪ್ಪ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ಬಿದ್ದ. ಕೈಕಾಲು ಬಡಿದುಕೊಳ್ಳುತ್ತಿದ್ದವು, ಬಾಯಲ್ಲಿ ನೊರೆ, ಖಾಕಿ ಚಡ್ಡಿ ತೋಯ್ದು ನೆಲ ಒದ್ದೆಯಾಯಿತು. ಯಾರೋ ಕಾಲಿನ ಚಪ್ಪಲಿ ಬಿಚ್ಚಿ ಆತನ ಮೂಗಿಗೆ ಒತ್ತಿ ಹಿಡಿದರು. ಸುತ್ತ ನಿಂತವರು ಕೆಲವರು ನಕ್ಕರು. ಗೆಳೆಯನೊಬ್ಬ ಯಾರವನು ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅಷ್ಟೇ ಅಲ್ಲ — ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಡಲಿಲ್ಲ, ತಳ ಕಾಣುವ ತನಕ ಕುಡಿದೆ. ಆಮೇಲೆ ಮುಖ ತಿರುಗಿಸಿ ನಡೆದೆ. ಅಪ್ಪನ ಬಗ್ಗೆ ಹೇಸಿಕೆ ನನ್ನೊಳಗೆ ಹೊಕ್ಕದ್ದು ಆವತ್ತು. ಆತ ಉಂಡ ತಾಟನ್ನು ಮುಟ್ಟುವಾಗಲೂ ಆ ಚಪ್ಪಲಿ ನೆನಪಾಗುತ್ತಿತ್ತು.

ಮೂವತ್ತು ವರ್ಷ ಆತ ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಆತನೇ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, “ಸಣ್ಣಾಂವ ಇದ್ದಿ. ಅಂಜಿದ್ದಿ. ನಾ ಯಾರಿಗೂ ಹೇಳಿಲ್ಲ,” ಅಂದ.

ಕ್ಷಮಿಸಿದ್ದ. ಬಹುಶಃ ಬಿದ್ದ ನೆಲದಿಂದ ಏಳುವ ಮುಂಚೆಯೇ ಕ್ಷಮಿಸಿದ್ದ. ನಾನು ಆಗಲೇ ಆತನ ಕಾಲು ಹಿಡಿದುಕೊಂಡಿದ್ದರೆ... ಹಿಡಿಯಲಿಲ್ಲ. ನನ್ನೊಳಗೆ ಎದ್ದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇಷ್ಟು ವರ್ಷ ಈ ಮನುಷ್ಯ ನನ್ನ ಕೈಯಿಂದ ಉಣ್ಣುವಾಗೆಲ್ಲ ಇದನ್ನು ತಿಳಿದೇ ಉಣ್ಣುತ್ತಿದ್ದನೇ ಎಂಬ ಸಿಟ್ಟು. ಆ ತಲೆಯೊಳಗೆ ನಾನು ಎಂಥವನೆಂಬುದು ಅಚ್ಚಳಿಯದೆ ಕೂತಿದೆ, ದಿನಾ ನಡೆಸಿದರೆ, ಗುಳಿಗೆ ಕೊಟ್ಟರೆ, ಅದು ಕೂತೇ ಇರುತ್ತದೆ. ನಾಳೆ ನಿನ್ನೆದುರು ಹೇಳಬಹುದು. ಮಹಾದೇವಿಯೆದುರು ಹೇಳಬಹುದು.

ಮರುದಿನ ಶಾಲೆ ಬಿಟ್ಟ ಮೇಲೆ ಅಫಜಲಪುರಕ್ಕೆ ಹೋಗಿ ಪೇಡೆ ತಂದೆ.

ಅಪ್ಪ ಬಾಯಿ ಮುಚ್ಚಿಕೊಂಡ. ಮೈಬೂಬ ಬೇಡ ಅಂದಿದ್ದಾನೆ ಎಂದ. “ಮೈಬೂಬ ಸಾಬಗ ಏನ್ ಗೊತ್ತದ? ಡಾಕ್ಟರ್ ತಿನ್ನು ಅಂದಾರ, ತಿನ್ನಪ್ಪ,” ಎಂದೆ. ಆತ ನನ್ನ ಮುಖ ನೋಡಿದ. ಮಗ ಹೇಳುತ್ತಿದ್ದಾನೆ, ಮಾಸ್ತರ, ನಾಲ್ಕಕ್ಷರ ಕಲಿತವನು — ಬಾಯಿ ತೆರೆದ. ಯಡ್ರಾಮಿಯ ಪೊಟ್ಟಣವನ್ನು ನಾನು ಅಟ್ಟದ ಮೇಲೆ ಎಸೆದೆ.

ಎರಡು ತಿಂಗಳಲ್ಲಿ ಕಸ್ತೂರಿಯ ಹೆಸರು ಹೋಯಿತು. ಆಮೇಲೆ ನಿನ್ನದು, ಆಮೇಲೆ ನನ್ನದು. ಮೈಬೂಬ ಸಾಬರು ಒಮ್ಮೆ ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಬಂದು, ಆತನ ಎದುರು ಒಂದು ತಾಸು ಕೂತು, ನನ್ನೊಡನೆ ಒಂದು ಮಾತೂ ಆಡದೆ ಎದ್ದುಹೋದರು. ಅವರಿಗೆ ತಿಳಿದಿತ್ತು. ಅವರು ಮತ್ತೆ ಬರಲಿಲ್ಲ, ತೀರಿಕೊಂಡಾಗ ನಾನು ಹೋಗಲಿಲ್ಲ.

ಕೊನೆಯ ವರ್ಷವನ್ನು ನೀನು ನೋಡಿದ್ದೀ. ಉಚ್ಚೆಯಿಂದ ಒದ್ದೆಯಾದ ಹಾಸಿಗೆಯ ಕೌದಿಗೆ ಇರುವೆ ಸಾಲುಗಟ್ಟುತ್ತಿದ್ದವು. ಹೆಬ್ಬೆರಳಿನ ಸಣ್ಣ ಗಾಯ ಕಪ್ಪಾಗಿ ಪಾದಕ್ಕೆ ಏರಿತು. ಆ ವಾಸನೆಗೆ ನಾನು ಮೂಗಿಗೆ ವಸ್ತ್ರ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದೆ. ಕೊಳೆಯುತ್ತಿದ್ದವನು ಆತನೆಂದೇ ನಾನು ತಿಳಿದುಕೊಂಡಿದ್ದೆ. ಗಾಯ ನೋಡಲು ಬಂದ ಊರ ಡಾಕ್ಟರು ಸಕ್ಕರೆ ಕಾಯಿಲೆ ಎಂದಾಗ ನೀನು ಗಾಬರಿಯಾಗಿ ನನ್ನ ಮುಖ ನೋಡಿದೆ. ಗುಲ್ಬರ್ಗಾದ ದೊಡ್ಡ ಡಾಕ್ಟರಿಗೂ ಅದು ಗೊತ್ತಿತ್ತು, ಆದರೂ ತಿನ್ನಿಸಿ ಅಂದಿದ್ದರು ಎಂದು ನಾನು ಎರಡನೆಯ ಸುಳ್ಳು ಹೇಳಿದೆ. ನೀನು ನಂಬಿದೆ. ನಂಬಿ, ತಂದಿದ್ದ ಪೇಡೆಯನ್ನು ಮುರಿದು ಆತನ ಬಾಯಿಗಿಟ್ಟೆ. ಆತ ಪೇಡೆಯ ಜೊತೆಗೆ ನಿನ್ನ ಬೆರಳನ್ನೂ ಚೀಪಿದ. ನೀನು ಅಳುತ್ತ ನಗುತ್ತ, “ಅಣ್ಣಾ, ಎಲ್ಲಾ ಮರತಾನ, ಸಿಹಿ ಒಂದ್ ಮರತಿಲ್ಲ ನೋಡು,” ಅಂದೆ.

ನನ್ನ ಕೈ ಹೊಲಸಾದದ್ದು ನನ್ನ ಪಾಡು. ಆದರೆ ಆ ಹೊಲಸು ಕೆಲಸಕ್ಕೆ ನಿನ್ನ ಕೈಯನ್ನೂ ಬಳಸಿದೆ — ಏನೂ ತಿಳಿಯದ, ಪ್ರೀತಿಯೊಂದೇ ತಿಳಿದ ನಿನ್ನ ಕೈಯನ್ನು. ಅದಾದ ಮೂರನೆಯ ದಿನ ಆತ ಪ್ರಜ್ಞೆ ತಪ್ಪಿದ, ಮತ್ತೆ ಏಳಲಿಲ್ಲ. ಮಣ್ಣು ಕೊಡಲು ಬಂದವರೆಲ್ಲ ನನ್ನ ಭುಜ ತಟ್ಟಿ ಹೋದರು.

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಬರೆಯುತ್ತಿದ್ದೇನೆ ಎಂದು ನೀನು ಕೇಳಬಹುದು. ಮನಸ್ಸು ತಾನಾಗಿ ಚುಚ್ಚಿತು ಎಂದು ಹೇಳಿಕೊಳ್ಳುವ ಯೋಗ್ಯತೆ ನನಗಿಲ್ಲ. ಹೋದ ವಾರ ಹಿರೋಳ್ಳಿಗೆ ಬಂದಿದ್ದಾಗ ನಿನ್ನ ಮಗ ಹೇಳಿದ: ಆಳಂದದ ಡಾಕ್ಟರು ರಕ್ತ ನೋಡಿ ಅವ್ವನಿಗೆ ಸಕ್ಕರೆ ಕಾಯಿಲೆ ಎಂದಿದ್ದಾರೆ, ಅವ್ವ ಯಾರ ಮಾತೂ ಕೇಳುತ್ತಿಲ್ಲ, ಮಾಮಾ, ನೀವಾದರೂ ಹೇಳಿ ಎಂದು. ನಾನು ಬಾಯಿ ತೆರೆಯುವುದರೊಳಗೆ ನೀನು ಹೋಳಿಗೆ ಮುರಿಯುತ್ತ ನಕ್ಕು, “ಅಪ್ಪಗ ಅಷ್ಟ್ ದೊಡ್ಡ ಡಾಕ್ಟರ್ ತಿನ್ನಸ್ರಿ ಅಂದಿದ್ದಿಲ್ಲೇನು? ಕೇಳು ನಿಮ್ಮ ಮಾಮಾಗ,” ಅಂದೆ.

ನಿನ್ನ ಮಗ ನನ್ನ ಮುಖ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ, ನೀಲಮ್ಮ. ಆಗಲೂ. ಆವತ್ತೂ. ನೀನು ಹೋಳಿಗೆಯನ್ನು ಬಾಯಿಗಿಟ್ಟುಕೊಂಡೆ, ನಾನು ನೋಡುತ್ತ ಕೂತೆ.

ಮನೆಗೆ ಬಂದು ವಾಂತಿ ಮಾಡಿಕೊಂಡೆ. ಅದರಿಂದ ಏನೂ ಆಗಲಿಲ್ಲ. ಒಳಗಿದ್ದದ್ದು ಒಳಗೇ ಉಳಿಯಿತು.

ಕ್ಷಮಿಸು ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ, ಹುಡುಕಬೇಡ. ಅಪ್ಪ ಕೊಟ್ಟ ಕ್ಷಮೆಯನ್ನು ನಾನು ಏನು ಮಾಡಿದೆನೆಂದು ಈಗ ನಿನಗೆ ಗೊತ್ತು. ಮಹಾದೇವಿಗೆ ಇವತ್ತು ಊಟಕ್ಕೆ ಮುಂಚೆ ಎಲ್ಲ ಹೇಳುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನದೊಳಗೆ ಹಿರೋಳ್ಳಿಗೆ ಬರುತ್ತೇನೆ. ಇದನ್ನು ನಿನ್ನ ಮಗನ ಎದುರು, ಸೊಸೆಯ ಎದುರು ನಾನೇ ಓದುತ್ತೇನೆ. ನೀನು ಕದ ಹಾಕಿಕೊಂಡರೆ ಹೊರಗೆ ನಿಂತು, ಓಣಿಯವರಿಗೆ ಕೇಳುವಂತೆ ಓದುತ್ತೇನೆ. ಆಮೇಲೆ ನೀನು ಡಾಕ್ಟರ ಹತ್ತಿರ ಹೋಗು. ನನ್ನ ಜೊತೆ ಬೇಡ, ಮಗನ ಜೊತೆ ಹೋಗು. ಒಳಗೆ ನೀನೇ ಕೂತು, ಅವರು ಏನು ಹೇಳುತ್ತಾರೋ ಅದನ್ನು ನಿನ್ನ ಕಿವಿಯಿಂದಲೇ ಕೇಳಿಸಿಕೋ.